ಹಗ್ಗ ಹಿಡಿದವರಿಗೆಲ್ಲ ಪಾಲು

ಜೆಪ್ಪಿಗೆ ಹೊಸದಾಗಿ ಬಂದವರು ಯಾರಾದರೂ "ಸೇಸಪ್ಪ ಮಾಸ್ಟ್ರ ಶಾಲೆ ಎಲ್ಲಿ?" ಅಂತ ಕೇಳಿದರೆ ಅಲ್ಲಿಯ ಜನ ಕೈ ಎತ್ತಿ ದಾರಿ ತೋರಿಸುತ್ತಿರಲಿಲ್ಲ. "ಕಿವಿ ಉಂಟಲ್ಲ ಮಾರಾಯ್ರೆ? ಗಲಾಟೆ ಎಲ್ಲಿಂದ ಕೇಳ್ತದೋ ಅಲ್ಲಿಗೆ ಸೀದಾ ಹೋಗಿ" ಅನ್ನುತ್ತಿದ್ದರು.

ನೆರೆಕರೆಯವರು ಮಾಸ್ಟ್ರ ಬಗ್ಗೆ ಹೇಳುತ್ತಿದ್ದ ಮಾತು ಒಂದೆರಡಲ್ಲ. ಬೇಲಿಯಾಚೆಯ ಅಮ್ಮಣಿಯಕ್ಕ ಹೇಳುವುದು, "ನನಗೆ ಮೀನು ಮಾರ್ಕೆಟಿಗೆ ಹೋಗುವ ಅಗತ್ಯವೇ ಇಲ್ಲ. ಮಾಸ್ಟ್ರ ಕ್ಲಾಸಿನ ಹಿಂದೆ ನಿಂತರೆ ಸಾಕು. ಮೀನೊಂದು ಇಲ್ಲ, ಉಳಿದದ್ದೆಲ್ಲ ಉಂಟು." ಹಂಚಿನ ಕಾರ್ಖಾನೆಯ ಗುರುವಪ್ಪ ಮೈಯೆಲ್ಲ ಕೆಂಪು ಧೂಳು ಮಾಡಿಕೊಂಡು ಬರುವಾಗ ಹೇಳುವುದು, "ಉಳಿದ ಮಾಸ್ಟ್ರುಗಳು ಮಕ್ಕಳಿಗೆ ಕಲಿಸ್ತಾರೆ. ಈ ಪುಣ್ಯಾತ್ಮ ಮಕ್ಕಳ ಕೈಯಿಂದಲೇ ಮಕ್ಕಳಿಗೆ ಕಲಿಸಿ ಸಂಬಳ ಮಾತ್ರ ತಾನು ತಕ್ಕೊಳ್ತಾನೆ. ಬುದ್ಧಿ ಅಂದರೆ ಅದು!" ಮತ್ತೆ ಅವರ ಮನೆಯ ನಾಗರಬೆತ್ತದ ಬಗ್ಗೆ ಊರಿಗೆ ಊರೇ ಒಪ್ಪಿದ ಒಂದು ಮಾತಿತ್ತು: ಸೇಸಪ್ಪ ಮಾಸ್ಟ್ರ ಬೆತ್ತಕ್ಕೆ ಕಾಗೆಗಳು ಮಾತ್ರ ಹೆದರುವುದು.

ಹೀಗೆಲ್ಲ ಹೇಳಿದವರೇ, ತಮ್ಮ ಮಗನನ್ನೋ ಮಗಳನ್ನೋ ಅವರ ಕ್ಲಾಸಿಗೇ ಹಾಕಬೇಕು ಅಂತ ಹೆಡ್‌ಮಾಸ್ಟ್ರ ಮನೆಗೆ ಬಾಳೆಗೊನೆ ಹೊತ್ತುಕೊಂಡು ಹೋದದ್ದೂ ಉಂಟು. ಜನ ಅಂದರೆ ಹಾಗೆಯೇ. ಬಾಯಿ ಒಂದು ದಾರಿ ಹಿಡಿದರೆ ಕಾಲು ಇನ್ನೊಂದು ದಾರಿ.

ಈ ಸೇಸಪ್ಪ ಹುಟ್ಟಿದ್ದು ಜೆಪ್ಪಿನಲ್ಲಲ್ಲ. ಹೊಳೆ ಆಚೆ, ಕಡಲು ಈಚೆ, ಎರಡರ ನಡುವೆ ಹೊಯಿಗೆ ಮರಳಿನ ಮೇಲೆ ಚಾಚಿ ಮಲಗಿದ ಬೆಂಗರೆಯಲ್ಲಿ. ಅಪ್ಪ, ಅಜ್ಜ, ಅಜ್ಜನ ಅಜ್ಜ ಎಲ್ಲರೂ ಬಲೆಯವರು. ಅವನ ಬಾಲ್ಯದ ದೊಡ್ಡ ಹಬ್ಬ ಅಂದರೆ ರಂಪಣಿ ಅನ್ನುವ ದೊಡ್ಡ ಬಲೆ ಎಳೆಯುವ ದಿನ. ದೋಣಿಯೊಂದು ಕಡಲಿಗೆ ಹೋಗಿ, ಮೀನಿನ ಹಿಂಡಿಗೆ ಸುತ್ತು ಹಾಕಿ, ಬಲೆಯ ಎರಡೂ ತುದಿಯ ಹಗ್ಗವನ್ನು ದಡಕ್ಕೆ ತಂದುಕೊಡುತ್ತದೆ. ಆಮೇಲೆ ಊರಿಗೆ ಊರೇ ಎರಡು ಸಾಲಾಗಿ ನಿಂತು ಎಳೆಯುವುದು. ಗಂಡಸರು, ಹೆಂಗಸರು, ಸೊಂಟ ಬಗ್ಗಿದ ಮುದುಕರು, ಮೂಗು ಸುರಿಸುವ ಮಕ್ಕಳು. ಅಲ್ಲಿ ಒಂದು ಕಟ್ಟಳೆ ಉಂಟು: ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಮುದುಕನ ಕೈಯಲ್ಲಿ ಬಲ ಎಷ್ಟು ಅಂತ ಯಾರೂ ತೂಗುವುದಿಲ್ಲ. ಕೈ ಹಾಕಿದನೋ, ಒಂದು ಹಿಡಿ ಬಂಗುಡೆ ಅವನ ಬುಟ್ಟಿಗೆ ಬಿದ್ದೇ ಬೀಳುತ್ತದೆ.

ಇನ್ನೊಂದು ವಿಷಯ. ತುಳುವಿನಲ್ಲಿ 'ಬಲೆ' ಅಂದರೆ ಮೀನಿನ ಬಲೆ. ಅದೇ ಬಾಯಲ್ಲಿ 'ಬಲೆ' ಅಂತ ಸ್ವಲ್ಪ ಎಳೆದು ಹೇಳಿದರೆ 'ಬನ್ನಿ' ಅಂತಲೂ ಅರ್ಥ. ದಡದಲ್ಲಿ ನಿಂತು ಯಾರೋ "ಬಲೆ!" ಅಂತ ಕೂಗಿದರೆ ಬಲೆ ಬಂತು ಅಂದರೋ ನೀವೂ ಬನ್ನಿ ಅಂದರೋ ಅಂತ ಬೆಂಗರೆಯಲ್ಲಿ ಯಾರೂ ಯೋಚಿಸುತ್ತಿರಲಿಲ್ಲ. ಎರಡಕ್ಕೂ ಓಡುವುದು ಒಂದೇ ದಿಕ್ಕಿಗೆ.

ಆ ಹುಡುಗನನ್ನು ಅಪ್ಪ ದೋಣಿ ದಾಟಿಸಿ ಶಾಲೆಗೆ ಹಾಕಿದ. ಅಲ್ಲಿ ಎಲ್ಲವೂ ಕನ್ನಡ. ಮನೆಯಲ್ಲಿ ತುಳು ಬಿಟ್ಟು ಬೇರೊಂದು ಅಕ್ಷರ ಕೇಳದ ಹುಡುಗ ಹಿಂದಿನ ಸಾಲಿನಲ್ಲಿ, ಬಾಯಿ ಇಲ್ಲದ ಕಲ್ಲಿನ ಹಾಗೆ ಕೂತ. ಅವನು ಮೊದಲು ಕಲಿತ ಕನ್ನಡ ಮಾತು "ಬಾಯಿ ಮುಚ್ಚು" ಅಂತ. ಮುಚ್ಚಿದ ಬಾಯಿಯನ್ನು ಯಾಕೆ ಮುಚ್ಚಲು ಹೇಳುತ್ತಾರೆ ಅಂತ ಮಾತ್ರ ಅವನಿಗೆ ಅರ್ಥವಾಗಲಿಲ್ಲ.

ಹಾಗೂ ಹೀಗೂ ಪಾಸಾದ, ಟ್ರೈನಿಂಗ್ ಮುಗಿಸಿದ, ಜೆಪ್ಪಿನ ಒಂದು ಎಲಿಮೆಂಟರಿ ಶಾಲೆಯಲ್ಲಿ ಮೂರನೇ ಕ್ಲಾಸಿನ ಮಾಸ್ಟ್ರಾದ. ಸುಂದರಿಯನ್ನು ಮದುವೆಯಾಗಿ ಶಾಲೆಯ ಹಿಂದುಗಡೆಯೇ ಒಂದು ಬಾಡಿಗೆ ಮನೆ ಹಿಡಿದ. ಮತ್ತೆ ಎಂತ ಮಾಡಿದ ಗೊತ್ತುಂಟಾ? ತನಗೆ ಹೇಗೆ ಕಲಿಸಿದ್ದರೋ ಹಾಗೆಯೇ ಕಲಿಸಿದ. ಕೈಯಲ್ಲಿ ಬೆತ್ತ, ಬಾಯಲ್ಲಿ "ಬಾಯಿ ಮುಚ್ಚು."

ಕ್ಲಾಸು ಗಪ್‌ಚಿಪ್. ಹೆಡ್‌ಮಾಸ್ಟ್ರು ಲೋಕನಾಥರಾಯರಿಗೆ ಬಹಳ ಸಂತೋಷ. "ನಿಮ್ಮ ಕ್ಲಾಸಿನ ಮುಂದೆ ಹೋದರೆ ದೇವಸ್ಥಾನದ ಮುಂದೆ ಹೋದ ಹಾಗೆ ಆಗ್ತದೆ ಸೇಸಪ್ಪನವರೇ" ಅಂದರು. ಆದರೆ ಆ ದೇವಸ್ಥಾನದಲ್ಲಿ ಮಾತಾಡದ ದೇವರುಗಳೇ ಹೆಚ್ಚು. ಸುಮ್ಮನೆ ಕೂತವರಲ್ಲಿ ತುಳುವಿನ ಮಕ್ಕಳು, ಕೊಂಕಣಿಯ ಮಕ್ಕಳು, ಬ್ಯಾರಿ ಮಕ್ಕಳು. ಪುಸ್ತಕದ ಕನ್ನಡ ಒಬ್ಬರ ಮನೆಯದ್ದೂ ಅಲ್ಲ. ಅದರಲ್ಲೂ ರಾಜೀವಿ ಅಂತ ಒಬ್ಬಳು, ಮೀನು ಮಾರುವವಳ ಮಗಳು, ಮಳೆಗಾಲ ಕಳೆದು ಸೆಕೆಗಾಲ ಬಂದರೂ ಹಾಜರಿ ಕೂಗಿದಾಗ ಕೈ ಎತ್ತಿದ್ದು ಬಿಟ್ಟರೆ ಒಂದು ಶಬ್ದ ಆಡಿದವಳಲ್ಲ. ಮಂದಬುದ್ಧಿ ಇರಬೇಕು ಅಂತ ಸೇಸಪ್ಪ ಮನಸ್ಸಿನಲ್ಲೇ ಬರೆದು ಮುಗಿಸಿದ್ದ.

ಒಂದು ದಿನ ಸಾಲ ತೆಗೆದು ಕಳೆಯುವ ಲೆಕ್ಕ ಹಾಕಿಕೊಟ್ಟು ಹೆಡ್‌ಮಾಸ್ಟ್ರ ಕೋಣೆಗೆ ಸೀಮೆಸುಣ್ಣ ತರಲು ಹೋದ. ತಿರುಗಿ ಬರುವಾಗ ಒಳಗೆ ಪಿಸಪಿಸ. ಬೆತ್ತವನ್ನು ಎತ್ತಿಯೇ ಬಾಗಿಲಿನವರೆಗೆ ಬಂದವನು ಅಲ್ಲೇ ನಿಂತ.

ಒಳಗೆ ರಾಜೀವಿ ನೆಲದಲ್ಲಿ ಮರುವಾಯಿಯ ಚಿಪ್ಪು ಹರಡಿಕೊಂಡು ಪಕ್ಕದ ಹಸೈನಾರನಿಗೆ ಹೇಳುತ್ತಿದ್ದಾಳೆ, ಅರ್ಧ ತುಳು, ಕಾಲು ಬ್ಯಾರಿ, ಉಳಿದದ್ದು ಕೈಸನ್ನೆ.

"ಏ ಹಸೈನಾರ್, ನಿನ್ನ ಹತ್ತಿರ ಉಪ್ಪು ಸಾಕಾಗಲಿಲ್ಲ, ಎಂತ ಮಾಡ್ತಿ?"

"ಪಕ್ಕದ ಮನೆಯಿಂದ ತರ್ತೇನೆ."

"ಹಾಂ. ಹಾಗೆಯೇ ಇದು. ಪಕ್ಕದ ಮನೆಗೆ ಹೋಗು. ಆದರೆ ಆ ಮನೆಯವಳು ಬಿಡಿ ಕೊಡುವುದಿಲ್ಲ. ಕೊಟ್ಟರೆ ಹತ್ತರ ಕಟ್ಟೇ ಕೊಡುವುದು. ಜೋರು ಹೆಂಗಸು ಅವಳು."

"ಅವಳ ಮನೆಯಲ್ಲಿ ಒಂದು ಕಡಿಮೆ ಆಯ್ತಲ್ಲ ಹಾಗಾದರೆ?"

"ಮತ್ತೆ? ಅದನ್ನು ಬರೆಯದಿದ್ದರೆ ಬೆಳಿಗ್ಗೆ ಬಂದು ಜಗಳ ಮಾಡ್ತಾಳೆ."

ಹಸೈನಾರ್ "ಓ!" ಅಂದ. ಆ 'ಓ' ಇದೆಯಲ್ಲ, ಅದನ್ನು ಮಾಸ್ಟ್ರು ಅಷ್ಟು ಕಾಲದಲ್ಲಿ ತನ್ನ ಕ್ಲಾಸಿನಲ್ಲಿ ಕೇಳಿರಲಿಲ್ಲ. ಬಲೆಯ ಹೊಟ್ಟೆ ನೀರಿನಿಂದ ಮೇಲೆ ಬಂದು ಬೆಳ್ಳಗೆ ಮಿನುಗಿದಾಗ ದಡದವರು ಹೇಳುವ 'ಓ' ಅದು. ಬಾಗಿಲಿಗೆ ಒರಗಿ ನಿಂತ ಸೇಸಪ್ಪನ ಕಣ್ಣಿಗೆ ಬೆಂಗರೆಯ ಕಡಲಕರೆ ಬಂತು. ಅಯ್ಯೋ ದೇವರೇ, ಅಷ್ಟು ದೊಡ್ಡ ಬಲೆಯನ್ನು ಕಡಲಿಗೆ ಹಾಕಿ ನಾನೊಬ್ಬನೇ ಎಳೆಯುತ್ತಾ ಇದ್ದೇನಲ್ಲ! ಊರವರನ್ನೆಲ್ಲ ದಡದಲ್ಲಿ ಕೈಕಟ್ಟಿ ಕೂರಿಸಿದ್ದೇನಲ್ಲ!

ಆ ದಿನ ಬೆತ್ತ ಮನೆಗೆ ಹೋಯಿತು. ಸುಂದರಿ ಅದನ್ನು ಅಂಗಳದಲ್ಲಿ ಒಣಮೀನಿನ ಹತ್ತಿರ ಇಟ್ಟುಕೊಂಡಳು. ಕಾಗೆ ಓಡಿಸಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ ಅಂದಳು.

ಮರುದಿನದಿಂದ ಕ್ಲಾಸಿನಲ್ಲಿ 'ಹಗ್ಗ' ಶುರುವಾಯಿತು. ಹಗ್ಗ ಅಂದರೆ ಬೇರೆ ಎಂತದ್ದೂ ಅಲ್ಲ, ನಾಲ್ಕೈದು ಮಕ್ಕಳು ನೆಲದಲ್ಲಿ ಸುತ್ತು ಕೂತುಕೊಳ್ಳುವುದು. ಒಂದು ಹಗ್ಗದಲ್ಲಿ ತುಳುವಿನವ, ಕೊಂಕಣಿಯವ, ಬ್ಯಾರಿಯವ, ಓದುವವ, ಓದದವ ಎಲ್ಲ ಕಲಸಿ ಇರಬೇಕು. ಯಾವ ಭಾಷೆಯಲ್ಲಿ ಬೇಕಾದರೂ ಜಗಳ ಮಾಡಬಹುದು, ಉತ್ತರ ಮಾತ್ರ ಕನ್ನಡದಲ್ಲಿ ದಡಕ್ಕೆ ಬರಬೇಕು. ಮತ್ತೆ ಮಾಸ್ಟ್ರು ಉತ್ತರ ಕೇಳುವುದು ಹುಷಾರಿ ಮಕ್ಕಳ ಹತ್ತಿರ ಅಲ್ಲ, ತನಗೆ ತೋಚಿದವರ ಹತ್ತಿರ. ಹಾಗಾಗಿ ಹುಷಾರಿಯವರೇ ಪಕ್ಕದವನಿಗೆ ಬಿಡದೆ ಹೇಳಿಕೊಡುವುದು: ಅವನನ್ನೇ ಎಬ್ಬಿಸಿ ನಿಲ್ಲಿಸಿದರೆ? ಅವನಿಗೆ ಬರದಿದ್ದರೆ ಇಡೀ ಹಗ್ಗಕ್ಕೆ ಮಾರ್ಕಿನ ಪಾಲಿಲ್ಲ.

ಗಲಾಟೆ ಆಯಿತು. ಆಗದೆ ಇರುತ್ತದಾ? ಮಧ್ಯಾಹ್ನ ಮಾಸ್ಟ್ರುಗಳ ಕೋಣೆಯಲ್ಲಿ ಗಂಜಿ ಊಟದ ಜೊತೆ ಅದೇ ನೆಂಚಿಕೊಳ್ಳಲು. ನಾಲ್ಕನೇ ಕ್ಲಾಸಿನ ಪೂವಪ್ಪ ಮಾಸ್ಟ್ರು ಹಳೇ ಕಾಲದವರು, ಮೀಸೆಯೂ ಬೆತ್ತವೂ ಒಂದೇ ದಪ್ಪ.

"ಅಲ್ಲ ಮಾರಾಯ, ಒಬ್ಬ ಬರೀತಾನೆ, ನಾಲ್ಕು ಜನ ನೋಡಿ ಬರೀತಾರೆ. ಅದಕ್ಕೆ ನಮ್ಮ ಕಾಲದಲ್ಲಿ ಕಳ್ಳತನ ಅಂತ ಹೆಸರು. ನೀನು ಹಗ್ಗ ಅಂತಿ."

"ಹಗ್ಗ ಹಿಡಿದ ಹಾಗೆ ಮಾಡಿ ಎಳೆಯದವ ಕಡಲಕರೆಯಲ್ಲೂ ಇರ್ತಾನೆ ಪೂವಪ್ಪಣ್ಣ" ಅಂದ ಸೇಸಪ್ಪ. "ದೂರ ನಿಂತು ನೋಡುವವನಿಗೆ ಗೊತ್ತಾಗುವುದಿಲ್ಲ. ಪಕ್ಕದವನ ಕೈಗೆ ಗೊತ್ತಾಗ್ತದೆ. ಹಗ್ಗ ಸಡಿಲ ಆಗ್ತದಲ್ಲ? ಒಂದು ತಿವಿತ ಕೊಡ್ತಾನೆ. ನಾನು ಹೊಡೆಯಬೇಕಾದ್ದೇ ಇಲ್ಲ."

"ಮತ್ತೆ ಈ ಗಲಾಟೆ?" ಅಂದರು ಲೋಕನಾಥರಾಯರು ಮಜ್ಜಿಗೆ ಲೋಟ ಕೆಳಗಿಟ್ಟು.

"ಗಲಾಟೆಯಲ್ಲಿ ಎರಡು ಜಾತಿ ಉಂಟು ರಾಯರೇ. ಬಲೆ ಬರುವಾಗಿನದ್ದು ಬೇರೆ, ಬಲೆ ಹರಿದಾಗಿನದ್ದು ಬೇರೆ. ಕಣ್ಣು ಮುಚ್ಚಿ ಕೇಳಿದರೂ ತಿಳೀತದೆ."

"ನನ್ನ ಕಿವಿಗೆ ಎರಡೂ ಒಂದೇ ಕೇಳ್ತದಪ್ಪ" ಅಂದರು ರಾಯರು. ಕೆಟ್ಟ ಮನುಷ್ಯರಲ್ಲ ಅವರು. ಶಾಲೆಯ ಮರ್ಯಾದೆ ಒಂದು ಎಣ್ಣೆ ತುಂಬಿದ ಬಟ್ಟಲು, ಚೆಲ್ಲದ ಹಾಗೆ ನಿವೃತ್ತಿಯವರೆಗೆ ಹೊತ್ತುಕೊಂಡು ಹೋಗಬೇಕು ಅಂತ ಇದ್ದವರು.

ಆ ಬಟ್ಟಲು ಅಲುಗಾಡುವ ದಿನ ಬಂತು. ಹೊಸ ಇನ್‌ಸ್ಪೆಕ್ಟರ್ರು ಶಾಲೆ ನೋಡಲು ಬರುತ್ತಾರೆ ಅಂತ ಸುದ್ದಿ. ತಂಜಾವೂರಿನ ಕಡೆಯವರಂತೆ, ಕನ್ನಡ ಅಷ್ಟಕ್ಕಷ್ಟೆಯಂತೆ, ಮಕ್ಕಳು ಕೆಮ್ಮಿದರೂ ಹುಬ್ಬು ಗಂಟಿಕ್ಕುತ್ತಾರಂತೆ. ಹಿಂದಿನ ದಿನ ಸಂಜೆ ರಾಯರು ಸೇಸಪ್ಪನನ್ನು ಕರೆದರು.

"ನಾಳೆ ನಿಮ್ಮ ಹಗ್ಗ, ಬಲೆ, ದೋಣಿ ಎಲ್ಲ ಮಡಚಿ ಅಟ್ಟಕ್ಕೆ ಹಾಕಿ. ಮಕ್ಕಳು ಸಾಲಿನಲ್ಲಿರಬೇಕು. ಕೇಳಿದವ ಎದ್ದು ಹೇಳಬೇಕು, ಉಳಿದವರು ಉಸಿರು ಬಿಡುವುದೂ ಮೆಲ್ಲ. ನಾಳೆ ಮರ್ಯಾದೆ ಹೋಯಿತೋ, ಮೂರನೇ ಕ್ಲಾಸು ಪೂವಪ್ಪನವರಿಗೆ. ನೀವು ಒಂದನೇ ಕ್ಲಾಸಿನಲ್ಲಿ ಅ, ಆ ತಿದ್ದಿಸುವುದು, ಬೆತ್ತ ಹಿಡಿದು. ಅದಕ್ಕೆ ಮನಸ್ಸಿಲ್ಲದಿದ್ದರೆ ಬೇರೆ ಶಾಲೆ ನೋಡಿಕೊಳ್ಳುವುದು."

ಮನೆಗೆ ಬಂದ ಸೇಸಪ್ಪನ ಮುಖ ನೋಡಿ ಸುಂದರಿ ಗಂಜಿ ಬಡಿಸುವ ಮೊದಲೇ ಕೇಳಿದಳು, "ಯಾರ ತಲೆ ಹೋಯ್ತು?"

"ನಾಳೆ ನನ್ನದು ಹೋಗ್ತದೆ. ಆ ಬೆತ್ತ ಇಲ್ಲಿ ಕೊಡು."

"ಯಾಕೆ?"

"ಇನ್‌ಸ್ಪೆಕ್ಟರ್ ಬರ್ತಾರೆ. ಕೈಯಲ್ಲಿ ಬೆತ್ತ ಇರಬೇಕಂತೆ."

"ಕೊಡ್ಲಿಕ್ಕೆ ಆಗುವುದಿಲ್ಲ. ಅಂಗಳದಲ್ಲಿ ನಂಗು ಮೀನು ಒಣಗ್ಲಿಕ್ಕೆ ಹಾಕಿದ್ದೇನೆ. ಕಾಗೆ ಬಂದರೆ ಓಡಿಸುವುದು ಯಾರು, ನಿಮ್ಮ ಇನ್‌ಸ್ಪೆಕ್ಟರ್ರಾ?" ಅಂದವಳು, ಗಂಜಿ ಬಡಿಸಿ, ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿ ಮೆಲ್ಲ ಹೇಳಿದಳು, "ಮಕ್ಕಳಿಗೆ ಸುಮ್ಮನಿರ್ಲಿಕ್ಕೆ ಹೇಳಿ. ನಿಮಗೋಸ್ಕರ ಒಂದು ದಿನ ಇರ್ತಾವೆ ಪಾಪ. ಅದು ಮುಗಿದ ಮೇಲೆ ಬೇಕಾದಷ್ಟು ಕಿರುಚಲಿ."

ಹೇಳಿದ. ಮಕ್ಕಳು ಕೇಳಿದರು. ಅದೇ ಎಡವಟ್ಟಾದದ್ದು.

ಮರುದಿನ ಇನ್‌ಸ್ಪೆಕ್ಟರ್ರು ಜರಿಯ ಪೇಟ, ಕರಿಕೋಟು, ಕಚ್ಚೆ ಪಂಚೆಯಲ್ಲಿ ಮೂರನೇ ಕ್ಲಾಸಿನೊಳಗೆ ಕಾಲಿಟ್ಟಾಗ ಅಲ್ಲಿ ಒಂದು ಇರುವೆ ನಡೆದರೂ ಸದ್ದು ಕೇಳಬೇಕು. ಒಂದು ಪ್ರಶ್ನೆ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಇನ್ನೊಂದು ಕೇಳಿದರು. ಇಲ್ಲ. ಮಾಸ್ಟ್ರು ಸುಮ್ಮನಿರಿ ಅಂದಿದ್ದಾರಲ್ಲ, ಮತ್ತೆ ಮಾತಾಡುವುದು ಹೇಗೆ? ಹಸೈನಾರನಂತೂ ಉತ್ತರ ಹೊರಗೆ ಹಾರೀತು ಅಂತ ಕೆನ್ನೆ ಉಬ್ಬಿಸಿಕೊಂಡು ಕೂತಿದ್ದ. ಬಾಗಿಲಲ್ಲಿ ನಿಂತ ರಾಯರ ಹಣೆಯಲ್ಲಿ ಬೆವರು. ಸೇಸಪ್ಪನಿಗೆ ಒಂದನೇ ಕ್ಲಾಸಿನ ಮರಳ ತಟ್ಟೆ ಕಣ್ಣ ಮುಂದೆ ಬಂತು.

"ಏನಪ್ಪಾ, ಈ ಕ್ಲಾಸಿನಲ್ಲಿ ಯಾರಿಗೂ ನಾಲಗೆ ಇಲ್ಲವೋ?" ಅಂದ ಇನ್‌ಸ್ಪೆಕ್ಟರ್ರು ಪಾಠದ ಪುಸ್ತಕ ಬಿಡಿಸಿದರು. ಗೋಧಿಯ ಹೊಲದ ಪಾಠ. ಮಂಗಳೂರಿನಲ್ಲಿ ಗೋಧಿಯ ಹೊಲ ಕಂಡವರು ಯಾರು? ಅವರ ಬೆರಳು ಸೀದಾ ಹೋಗಿ ರಾಜೀವಿಯ ಮೇಲೆ ನಿಂತಿತು. "ನೀನು ಹೇಳಮ್ಮಾ. ಗೋಧಿಯ ಕೊಯ್ಲು ಯಾವಾಗ?"

ರಾಜೀವಿ ಎದ್ದಳು. ಹೆದರಿಕೆಯಲ್ಲಿ ಕನ್ನಡವೆಲ್ಲ ಹೊಳೆ ಪಾಲು. ಬಾಯಿಗೆ ಬಂದದ್ದು ಮನೆಯ ಮಾತು.

"ನಂಕ್ ಗೊತ್ತುಜ್ಜಿ ಸಾರ್."

ಕ್ಲಾಸಿನಲ್ಲಿ ತುಳು ಬಲ್ಲವರೆಲ್ಲ ನಾಲಗೆ ಕಚ್ಚಿಕೊಂಡರು. ಇದು ಯಾಕೆ ಅಂತ ಹೇಳಬೇಕು. ಕನ್ನಡದಲ್ಲಿ 'ನಮಗೆ ಗೊತ್ತಿಲ್ಲ' ಅಂದರೆ ಅಷ್ಟಕ್ಕೇ ಮುಗಿಯಿತು. ತುಳುವಿನಲ್ಲಿ ಹಾಗಲ್ಲ. ಕೇಳುವವನನ್ನು ಬಿಟ್ಟು ನಾವು ಮಾತ್ರ ಅನ್ನುವುದಾದರೆ 'ಎಂಕ್ಲೆಗ್' ಅನ್ನಬೇಕು. 'ನಂಕ್' ಅಂದರೆ ಕೇಳುವವನೂ ಸೇರಿ. ಹಗ್ಗದಲ್ಲಿ ಕೂತು ಕೂತು 'ನಂಕ್' ಅನ್ನುವುದೇ ಆ ಮಕ್ಕಳ ಬಾಯಿಗೆ ಅಂಟಿತ್ತು. ಅಂದರೆ ರಾಜೀವಿ ಹೇಳಿದ್ದು, "ನಮಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ ಸಾರ್" ಅಂತ!

"ಎಂಕ್ಲೆಗ್ ಅನ್ನು! ಎಂಕ್ಲೆಗ್ ಅನ್ನು!" ಅಂತ ರಾಯರು ಬಾಗಿಲಿನಿಂದಲೇ ಹಲ್ಲು ಕಚ್ಚಿ ಹೇಳಿದರು. ಇನ್‌ಸ್ಪೆಕ್ಟರ್ರಿಗೆ ತುಳು ಬರುವುದಿಲ್ಲ, ಗಾಳಿಯಲ್ಲಿ ಹೋಗಲಿ ಅಂತ ಬಿಟ್ಟಿದ್ದರೆ ಹೋಗುತ್ತಿತ್ತು. ರಾಯರು ತಿದ್ದಲು ಹೋಗಿ ಸಿಕ್ಕಿಸಿಹಾಕಿದರು.

ಇನ್‌ಸ್ಪೆಕ್ಟರ್ರು ತಿರುಗಿದರು. "ಏನು ಹೇಳಿದಳು? ನೀವು ಏನು ತಿದ್ದಿದಿರಿ?"

"ಏನಿಲ್ಲ, ಗೊತ್ತಿಲ್ಲ ಅಂದಳು."

"ಇಲ್ಲ ಇಲ್ಲ, ಇರಿ. ಅವಳು ನಂಕ್ ಅಂದಳು. ನೀವು ಎಂಕ್ಲೆಗ್ ಅಂದಿರಿ." ಪೇಟದ ಕೆಳಗಿನ ಹುಬ್ಬು ಮೇಲೆ ಹೋಯಿತು. "ನಮ್ಮ ತಮಿಳಿನಲ್ಲಿ ನಮಕ್ಕು ಅಂತ ಉಂಟು, ಎಂಗಳುಕ್ಕು ಅಂತ ಉಂಟು. ಎಂಗಳುಕ್ಕು ಅಂದರೆ ಕೇಳುವವನು ಹೊರಗೆ. ನಮಕ್ಕು ಅಂದರೆ ಅವನೂ ಒಳಗೆ." ರಾಜೀವಿಯ ಕಡೆ ತಿರುಗಿದರು. "ಅಂದರೆ ಈ ಹುಡುಗಿ ನನ್ನನ್ನೂ ಒಳಗೆ ಹಾಕಿದಳೋ?"

ಸೇಸಪ್ಪ ಕೈಮುಗಿದು ಏನೋ ಹೇಳಲು ಬಾಯಿ ತೆರೆದ.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ರ ಹೊಟ್ಟೆ ಕುಲುಕಿತು. ಮೊದಲು ಕೋಟು, ಆಮೇಲೆ ಮೀಸೆ, ಕೊನೆಗೆ ಇಡೀ ಮೈಯೇ ನಕ್ಕಿತು. "ನಿಜ ಹೇಳಿದಳು ಸ್ವಾಮಿ! ಕಾವೇರಿ ನೀರಿನಲ್ಲಿ ಭತ್ತ ನೋಡಿ ಬೆಳೆದವನು ನಾನು. ಗೋಧಿ ಯಾವಾಗ ಕೊಯ್ಯುತ್ತಾರೆ ಅಂತ ಪುಸ್ತಕ ನೋಡದೆ ನನಗೂ ಹೇಳಲು ಬಾರದು. ನಮಕ್ಕು ತೆರಿಯಾದು!" ಅಂದು ಪುಸ್ತಕ ಮುಚ್ಚಿದರು. "ಸರಿ. ನಮಗೆ ಯಾರಿಗೂ ಗೊತ್ತಿಲ್ಲ. ಇನ್ನು ಏನು ಮಾಡೋಣಮ್ಮಾ?"

ರಾಜೀವಿ ಮಾಸ್ಟ್ರ ಮುಖ ನೋಡಿದಳು. ಸೇಸಪ್ಪ ರಾಯರ ಮುಖ ನೋಡಿದ. ರಾಯರು ಮಾಡಿನ ಹಂಚು ನೋಡಿದರು. ಆಗ ರಾಜೀವಿ ಕನ್ನಡದಲ್ಲೇ ಹೇಳಿದಳು, "ಹಗ್ಗ ಹಿಡಿಯುವ ಸಾರ್."

ಸೇಸಪ್ಪ ರಾಯರ ಕಡೆಗೆ ಬೆನ್ನು ಹಾಕಿದ. ಹೋದರೆ ಹೋಗಲಿ ಮೂರನೇ ಕ್ಲಾಸು ಅಂದುಕೊಂಡು ದಡದಲ್ಲಿ ನಿಂತ ತನ್ನ ಅಪ್ಪನ ಗಂಟಲಿನಲ್ಲೇ ಕೂಗಿದ, "ಬಲೆ!"

ಸಾಲು ಮುರಿಯಿತು. ಮಕ್ಕಳು ಸುತ್ತು ಕೂತರು. ಅಷ್ಟು ಹೊತ್ತು ಕಟ್ಟಿಹಾಕಿದ ಮಾತೆಲ್ಲ ಒಂದೇ ಸಲ ಹೊರಬಿತ್ತು. ಇನ್‌ಸ್ಪೆಕ್ಟರ್ರು ಪಂಚೆ ಮೇಲೆತ್ತಿ ರಾಜೀವಿಯ ಹಗ್ಗದಲ್ಲೇ ನೆಲಕ್ಕೆ ಕೂತರು.

ಹಸೈನಾರ್ ಹೇಳಿದ, "ನನ್ನ ಮಾಮ ಬಂದರಿನಲ್ಲಿ ಮೂಟೆ ಹೊರುವುದು. ಗೋಧಿ ಕರಾಚಿಯಿಂದ ಹಡಗಿನಲ್ಲಿ ಬರುವುದು. ಮಳೆ ಹಿಡಿಯುವ ಮೊದಲು ಬರುವ ಮೂಟೆ ಹೊಸತು ಅಂತ ಹೇಳ್ತಾರೆ. ಮತ್ತೆ ಕಡಲು ಬಂದ್."

ಬೇಕರಿಯವನ ಮಗ ಅಲೆಕ್ಸ್ ಹೇಳಿದ, "ಹೌದು ಸಾರ್. ಈಸ್ಟರಿಗೆ ಮೊದಲಿನ ಹಿಟ್ಟಿನಲ್ಲಿ ಹುಳ ಇರ್ತದೆ, ಅಪ್ಪ ಬೈತಾ ಬೈತಾ ಜರಡಿ ಹಿಡೀತಾರೆ. ಈಸ್ಟರ್ ಕಳೆದು ಸ್ವಲ್ಪ ದಿವಸಕ್ಕೆ ಒಳ್ಳೆ ಪರಿಮಳದ ಹಿಟ್ಟು ಬರ್ತದೆ."

"ಹಾಗಾದರೆ ಅದಕ್ಕಿಂತ ಮೊದಲೇ ಕೊಯ್ದಿರಬೇಕು" ಅಂದಳು ರಾಜೀವಿ. "ಕೊಯ್ದು, ಒಣಗಿಸಿ, ಮೂಟೆ ಕಟ್ಟಿ, ಹಡಗು ಹತ್ತಿಸ್ಲಿಕ್ಕೆ ಹೊತ್ತು ಬೇಡವಾ? ಸಾರ್, ನೀವು ಎಂತ ಹೇಳ್ತೀರಿ? ಹಗ್ಗ ಹಿಡಿದವರು ಸುಮ್ಮನೆ ಕೂರ್ಲಿಕ್ಕಿಲ್ಲ."

ಇನ್‌ಸ್ಪೆಕ್ಟರ್ರು ತಲೆ ಕೆರೆದುಕೊಂಡರು. "ಅದು ಚಳಿಯಲ್ಲಿ ಬೆಳೆಯುವ ಪೈರು ಅಂತ ಎಲ್ಲೋ ಓದಿದ ನೆನಪು ನನಗೆ."

"ಆಯ್ತಲ್ಲ! ಚಳಿ ಮುಗಿದು ಸೆಕೆ ಶುರುವಾಗುವಾಗ ಕೊಯ್ಲು!" ಅಂತ ಇಡೀ ಹಗ್ಗ ಒಟ್ಟಿಗೆ ಕೂಗಿತು. ಪಕ್ಕದ ಹಗ್ಗದವರು "ನಾವೂ ಅದೇ ಹೇಳಿದ್ದು" ಅಂತ ಜಗಳಕ್ಕೆ ಬಂದರು. ಪುಸ್ತಕ ತೆರೆದು ನೋಡಿದರೆ ಮುಂದಿನ ಪುಟದಲ್ಲಿ ಅದೇ ಇತ್ತು. ಇನ್‌ಸ್ಪೆಕ್ಟರ್ರು "ಓ!" ಅಂದರು. ಸೇಸಪ್ಪ ಆ 'ಓ' ಕೇಳಿಸಿಕೊಂಡ.

ಹೊರಗೆ ಬಂದ ಮೇಲೆ ಇನ್‌ಸ್ಪೆಕ್ಟರ್ರು ಪಂಚೆಯ ಧೂಳು ಕೊಡಹುತ್ತಾ ರಾಯರಿಗೆ ಹೇಳಿದರು, "ಗಲಾಟೆ ಉಂಟು, ಇಲ್ಲ ಅನ್ನುವುದಿಲ್ಲ. ನನ್ನ ಕಿವಿ ಇನ್ನೂ ಗುಂಯ್ ಅನ್ನುತ್ತಿದೆ. ಆದರೆ ನೋಡಿ, ಅಷ್ಟು ಗಲಾಟೆಯಲ್ಲಿ ಗೋಧಿ ಬಿಟ್ಟು ಬೇರೆ ಮಾತೇ ಇರಲಿಲ್ಲ. ಈ ಕ್ಲಾಸು ಇವರ ಹತ್ತಿರವೇ ಇರಲಿ."

ಕ್ಲಾಸು ಉಳಿಯಿತು. ಕೋಣೆ ಉಳಿಯಲಿಲ್ಲ. ರಾಯರು ಎರಡು ದಿನ ಯೋಚನೆ ಮಾಡಿ, ಸೇಸಪ್ಪನನ್ನೂ ಅವನ ಹಗ್ಗಗಳನ್ನೂ ಹಿತ್ತಿಲಿನ ಹಲಸಿನ ಮರದ ಹತ್ತಿರದ ಕೊಟ್ಟಿಗೆಗೆ ಕಳಿಸಿದರು. "ಇನ್‌ಸ್ಪೆಕ್ಟರ್ರ ಮಾತೂ ನಡೆಯಿತು, ನನ್ನ ಕಿವಿಯೂ ಉಳಿಯಿತು" ಅಂದರು. ಸೇಸಪ್ಪನಿಗೆ ಇನ್ನೂ ಒಳ್ಳೆಯದೇ ಆಯಿತು. ಕೊಟ್ಟಿಗೆಯ ನೆಲ ಅಗಲ, ಗೋಡೆ ಅರ್ಧ, ಹಲಸು ಹಣ್ಣಾದ ಕಾಲದಲ್ಲಿ ಭಾಗಾಕಾರ ಕಲಿಸಲು ಬೇರೆ ಸಾಮಾನೇ ಬೇಡ. ಸೊಳೆ ಲೆಕ್ಕ ಮಾಡಿ ಸಮಪಾಲು ಮಾಡುವುದು, ಶೇಷ ಉಳಿದರೆ ಮಾಸ್ಟ್ರಿಗೆ. ಶೇಷ ಉಳಿಯದ ಹಾಗೆ ಮಕ್ಕಳು ಬಹಳ ಜಾಗ್ರತೆ ಮಾಡುತ್ತಿದ್ದರು.

ಇದನ್ನು ಕಂಡು ಪೂವಪ್ಪ ಮಾಸ್ಟ್ರಿಗೂ ಒಂದು ದಿನ ಆಸೆಯಾಯಿತು. ಮಕ್ಕಳನ್ನು ಸುತ್ತು ಕೂರಿಸಿ, "ಹಗ್ಗ ಹಿಡಿಯಿರಿ ಮಕ್ಕಳೇ" ಅಂದು, ಕುರ್ಚಿಯಲ್ಲಿ ಸಣ್ಣದೊಂದು ನಿದ್ದೆ ಮಾಡಿದರು. ಎದ್ದು ನೋಡಿದರೆ ಇಬ್ಬರ ಅಂಗಿ ಹರಿದಿತ್ತು, ಒಬ್ಬನ ಸ್ಲೇಟು ಒಡೆದಿತ್ತು, ಅವರ ಮೀಸೆಗೆ ಯಾರೋ ಸೀಮೆಸುಣ್ಣ ಹಚ್ಚಿದ್ದರು. ಸೇಸಪ್ಪನ ಹತ್ತಿರ ಜಗಳಕ್ಕೇ ಬಂದರು.

"ನಿನ್ನ ಹಗ್ಗ ಬರೀ ಲೊಟ್ಟೆ ಮಾರಾಯ!"

"ಪೂವಪ್ಪಣ್ಣ, ಎಳೆಯುವವರು ಊರವರೇ ಹೌದು. ಆದರೆ ದೋಣಿಯ ಯಜಮಾನ ದಡದಲ್ಲಿ ಆಚೆಯಿಂದ ಈಚೆಗೆ ಓಡ್ತಾ ಇರಬೇಕು. ಯಾವ ತುದಿ ಮುಂದೆ ಬಂತು, ಯಾವುದು ಹಿಂದೆ ಬಿತ್ತು, ನೋಡುವುದು ಯಾರು? ಅವ ಮಲಗಿದರೆ ಬಲೆಯೂ ಮಲಗ್ತದೆ. ನಾನು ಪಾಠ ಹೇಳುವ ಕಾಲದಲ್ಲಿ ಸಂಜೆಗೆ ಗಂಟಲು ನೋಯುತ್ತಿತ್ತು. ಈಗ ಕಾಲು ನೋಯ್ತದೆ."

"ಹಾಗಾದರೆ ನನಗೆ ಬೆತ್ತವೇ ಸಾಕು. ಕೂತಲ್ಲಿಂದ ಎಟಕ್ತದೆ" ಅಂದು ಪೂವಪ್ಪ ಮಾಸ್ಟ್ರು ಮೀಸೆ ಒರೆಸಿಕೊಂಡು ಹೋದರು.

ವರ್ಷಗಳು ಹೋದವು. ರಾಯರು ಎಣ್ಣೆಯ ಬಟ್ಟಲನ್ನು ಚೆಲ್ಲದೆ ನಿವೃತ್ತಿಯಾದರು. ಹಸೈನಾರ್ ಬಂದರಿನಲ್ಲಿ ಸ್ವಂತ ದೋಣಿ ಮಾಡಿದ. ಅಲೆಕ್ಸ್ ಬೇಕರಿಯ ಹೊಗೆ ಹಿಡಿಸದೆ ಬಡಗಿಯಾದ. ರಾಜೀವಿ? ಅವಳು ಟ್ರೈನಿಂಗ್ ಮುಗಿಸಿ ಅದೇ ಶಾಲೆಗೆ ಬಂದಳು. ಸೇಸಪ್ಪ ಮಾಸ್ಟ್ರಿಗೆ ನಿವೃತ್ತಿ ಬಂದಾಗ ಹಲಸಿನ ಮರದ ಹತ್ತಿರದ ಕ್ಲಾಸು ಅವಳಿಗೆ ಸಿಕ್ಕಿತು.

ಮಾಸ್ಟ್ರು ಬೆಂಗರೆಗೆ ಹೋಗುವುದು ಅಂತ ತೀರ್ಮಾನ ಮಾಡಿದರು. ಅಲ್ಲಿ ಅಣ್ಣನ ಮನೆಯ ಪಕ್ಕ ಒಂದು ಚಪ್ಪರ ಹಾಕಿದರೆ, ಹೊಳೆ ದಾಟಲು ಸಣ್ಣವರಾದ ಮಕ್ಕಳಿಗೆ ನಾಲ್ಕು ಅಕ್ಷರ ಹೇಳಿಕೊಡಬಹುದು. ಸುಂದರಿಗೆ ಬೇರೆ ಲೆಕ್ಕ. "ಅಲ್ಲಿ ಮೀನು ಒಣಗಿಸ್ಲಿಕ್ಕೆ ಜಾಗ ಉಂ‌ಟು" ಅಂದಳು.

ಹೊರಡುವ ದಿನ ಸಾಮಾನು ಹೊರಲು ಗಾಡಿ ಹೇಳಲೇ ಇಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದಿಂದ ಹೊಳೆ ದಾಟುವ ಕಡವಿನವರೆಗೆ ಜನ ಸಾಲು ನಿಂತಿದ್ದರು. ಹಳೇ ಹಗ್ಗದವರು, ಹೊಸ ಹಗ್ಗದವರು, ಅವರ ಮಕ್ಕಳು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಂಚದ ಕಾಲು ಹೋಯಿತು, ಉಪ್ಪು ಹಾಕಿಡುವ ಮರದ ಮರಿಗೆ ಹೋಯಿತು, ಕಡೆಯುವ ಕಲ್ಲು "ಅಬ್ಬಾ, ಅಮ್ಮಾ" ಅನ್ನಿಸಿಕೊಳ್ಳುತ್ತಾ ಹೋಯಿತು. ಕಡವಿನಲ್ಲಿ ಹಸೈನಾರನ ದೋಣಿ.

ರಾಜೀವಿ ಮಾತ್ರ ಮುಖ ಸಣ್ಣದು ಮಾಡಿ ನಿಂತಿದ್ದಳು.

"ಹೊಸ ಹೆಡ್‌ಮಾಸ್ಟ್ರು ಕೊಟ್ಟಿಗೆಗೆ ಬೆಂಚು ತರಿಸಿದ್ದಾರೆ ಮಾಸ್ಟ್ರೆ. ಸಾಲಾಗಿ ಇಟ್ಟು ನೆಲಕ್ಕೆ ಮೊಳೆ ಹೊಡೆಸಬೇಕಂತೆ. ಸುತ್ತು ಕೂರುವುದು ಇನ್ನು ಇಲ್ಲವಂತೆ. ನಾನು ಎಂತ ಮಾಡ್ಲಿ?"

ಮಾಸ್ಟ್ರು ಅವಳನ್ನು ನೋಡಿದರು. ಇಷ್ಟು ವರ್ಷ ನಡೆದು ನೋಯಿಸಿಕೊಂಡ ಕಾಲು ಈಗಲೇ ಹೆಚ್ಚು ನೋಯಿತು. ಉಪದೇಶ ಒಂದು ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡು ಹೇಳಿದರು, "ನಂಕ್ ಗೊತ್ತುಜ್ಜಿ."

ರಾಜೀವಿ ಕಣ್ಣೊರೆಸಿಕೊಂಡು ನಕ್ಕಳು. "ನಂಕ್ ಅಂದ್ರಾ? ನೀವೂ ಸೇರಿಯಾ?"

"ಸೇರದೆ? ಹೊಳೆ ದಾಟಿದ್ದಕ್ಕೆ ಹಗ್ಗ ಬಿಡ್ತೇನಾ? ಕೇಳು ಎಲ್ಲರ ಹತ್ತಿರ."

ಕೇಳಬೇಕಾಗಲೇ ಇಲ್ಲ. ಸಾಲಿನಲ್ಲಿ ಕುಕ್ಕೆ ಹಿಡಿದು ನಿಂತ ಅಲೆಕ್ಸ್ ಅಲ್ಲಿಂದಲೇ ಕೂಗಿದ, "ಬೆಂಚಿಗೆ ಮೊಳೆ ಹೊಡೆಯುವವ ನಾನೇ ಅಲ್ಲವಾ? ಸಾಲು ಅಂದಿದ್ದಾರೆ. ಮುಖ ಯಾವ ಕಡೆ ಅಂತ ಅಂದಿದ್ದಾರಾ?"

"ಇಲ್ಲ" ಅಂದಳು ರಾಜೀವಿ.

"ಎರಡೆರಡು ಬೆಂಚು ಎದುರು ಬದುರು ಇಟ್ಟರೆ ಅದೂ ಸಾಲೇ!" ಅಂದ ಹಸೈನಾರ್ ಕಡವಿನಿಂದ.

"ಮೊಳೆಯೂ ಹೊಡೆದ ಹಾಗಾಯ್ತು, ಹೆಡ್‌ಮಾಸ್ಟ್ರ ಮಾತೂ ನಡೆದ ಹಾಗಾಯ್ತು" ಅಂತ ಬೇಲಿಯಾಚೆಯಿಂದ ಮುದುಕಿ ಅಮ್ಮಣಿಯಕ್ಕ ಸೇರಿಸಿದಳು. "ಗಲಾಟೆ ಮಾತ್ರ ಕಡಿಮೆ ಮಾಡಬೇಡಿ ಮಾರಾಯ್ರೆ. ಸುಮ್ಮನಿದ್ದರೆ ನನಗೆ ಮಧ್ಯಾಹ್ನ ನಿದ್ದೆ ಬರುವುದಿಲ್ಲ."

ರಾಜೀವಿಯ ಮುಖ ಅಗಲವಾಯಿತು. ಬೆಂಚಿನ ಕೆಲಸಕ್ಕೆ ನಾಳೆಯೇ ಬಾ ಅಂತ ಅಲೆಕ್ಸ್‌ಗೆ ಆಗಲೇ ಅಪ್ಪಣೆ ಕೊಡಲು ಶುರುಮಾಡಿದಳು. ಮಾಸ್ಟ್ರ ಕಡೆ ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ. ಮಾಸ್ಟ್ರಿಗೆ ಅದೇ ಸಮಾಧಾನ.

ಮನೆ ಖಾಲಿಯಾಯಿತು. ಎಲ್ಲರ ಕೈಯಲ್ಲೂ ಒಂದೊಂದು ಸಾಮಾನು. ಮಾಸ್ಟ್ರ ಕೈ ಮಾತ್ರ ಬರಿದು.

"ನನಗೆ ಎಂತದ್ದೂ ಇಲ್ಲವಾ? ಕೈ ಹಾಕದವನಿಗೆ ಪಾಲಿಲ್ಲ, ಗೊತ್ತುಂಟಲ್ಲ" ಅಂದರು ಹೊಸ್ತಿಲಲ್ಲಿ ನಿಂತು.

ಸುಂದರಿ ಅಂಗಳದ ಮೂಲೆಗೆ ಹೋಗಿ ಬೆತ್ತ ತಂದಳು. ಬಿಸಿಲಿಗೆ ಬಿಳುಚಿ, ಒಣಮೀನಿನ ವಾಸನೆ ಹಿಡಿದು, ತುದಿ ಸೀಳಿ ಹೋದ ನಾಗರಬೆತ್ತ.

"ಹಿಡಿಯಿರಿ. ಬೆಂಗರೆಯಲ್ಲಿ ಕಾಗೆ ಜಾಸ್ತಿ."

ಮಾಸ್ಟ್ರು ಬೆತ್ತವನ್ನು ಕಂಕುಳಲ್ಲಿ ಇಟ್ಟುಕೊಂಡು, ಬಾಗಿಲು ಎಳೆದು, ಮೆಟ್ಟಿಲಿಳಿದರು. ಹಲಸಿನ ಮರದ ಕಡೆಯಿಂದ ಬೆಳಗಿನ ಗಲಾಟೆ ಶುರುವಾಗಿತ್ತು. ಟೀಚರು ಬರುವ ಮೊದಲೇ ಬಂದ ಮಕ್ಕಳು ಯಾವುದೋ ವಿಷಯಕ್ಕೆ ಮೂರು ಭಾಷೆಯಲ್ಲಿ ಜಗಳ ಮಾಡುತ್ತಿದ್ದರು. ಮಾಸ್ಟ್ರು ಒಂದು ಗಳಿಗೆ ಕಣ್ಣು ಮುಚ್ಚಿ ಕೇಳಿದರು. ಹರಿದ ಬಲೆಯ ಗಲಾಟೆಯಲ್ಲ. ಕಡವಿನಿಂದ ಹಸೈನಾರ್ ಎರಡೂ ಕೈ ಬಾಯಿಗಿಟ್ಟು ಕೂಗಿದ.

"ಬಲೆ, ಮಾಸ್ಟ್ರೆ! ಬಲೆ!"